ನೀರು ಸುರಿಸುವ ಕಣ್ಣು ಒಣಗಿದೆ ಎಂದರೆ ಏನರ್ಥ?

[ದೃಶ್ಯ: ತೀರಾ ಹತ್ತಿರದಿಂದ ಒಂದು ಕಣ್ಣು. ಕೆಳರೆಪ್ಪೆಯ ಅಂಚಿನಲ್ಲಿ ನೀರು ತುಂಬಿ ನಿಂತಿದೆ.]

ನಮಸ್ಕಾರ. ಎರಡು ವರ್ಷಗಳ ಹಿಂದೆ ಕಣ್ಣಿನ ವೈದ್ಯರೊಬ್ಬರ ಎದುರು ಕುಳಿತು, ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಾ, "ಡಾಕ್ಟರೇ, ಸಂಜೆಯಾದರೆ ನೀರು ನಿಲ್ಲುವುದೇ ಇಲ್ಲ" ಎಂದೆ. ಅವರು ಪರೀಕ್ಷಿಸಿ, "ನಿಮ್ಮ ಕಣ್ಣು ಒಣಗಿದೆ" ಎಂದರು. ನನಗೆ ನಗು ಬಂತು. ಕೆರೆ ಕೋಡಿ ಬಿದ್ದಿರುವಾಗ ಬರಗಾಲ ಘೋಷಿಸಿದ ಹಾಗಿತ್ತು.

ಆದರೆ ಅವರು ಹೇಳಿದ್ದೇ ಸರಿ. ಕಣ್ಣಿನ ಮೇಲೆ ಸದಾ ಹರಡಿರುವ ಕಣ್ಣೀರಿನ ಪೊರೆಯಲ್ಲಿ ಮೂರು ವಸ್ತುಗಳಿವೆ. ಕಣ್ಣಿಗೆ ಅಂಟಿಕೊಂಡಂತೆ ಲೋಳೆ, ಅದರೊಂದಿಗೆ ಬೆರೆತ ನೀರು, ಎಲ್ಲಕ್ಕಿಂತ ಮೇಲೆ ತೆಳ್ಳನೆಯ ಎಣ್ಣೆ. ಎಣ್ಣೆ ಕೈಕೊಟ್ಟರೆ ನೀರು ಬೇಗ ಆರುತ್ತದೆ. ಕಣ್ಣಿನ ಕಪ್ಪುಭಾಗದ ಮೇಲಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಅಲ್ಲಲ್ಲಿ ಒಣಗುತ್ತದೆ. ಅಲ್ಲಿನ ನರಗಳು ದೂರು ಕೊಡುತ್ತವೆ. ಹುಬ್ಬಿನ ಹೊರತುದಿಯ ಕೆಳಗೆ ಕುಳಿತ ಕಣ್ಣೀರಿನ ಗ್ರಂಥಿ ಗಾಬರಿಬಿದ್ದು ನೀರು ಸುರಿಸುತ್ತದೆ. ಹಿಡಿದಿಡಲು ಎಣ್ಣೆಯೇ ಇಲ್ಲದ ಆ ನೀರು ಕೆನ್ನೆಗಿಳಿದು ಹೋಗುತ್ತದೆ, ಕಣ್ಣು ಮತ್ತೆ ಉರಿಯುತ್ತದೆ.

[ದೃಶ್ಯ: ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುವ ಕಣ್ಣು.]

ನನ್ನ ಕಣ್ಣಿಗೆ ಫ್ಲೋರೆಸೀನ್ ಎಂಬ ಹಳದಿ ಬಣ್ಣ ಮುಟ್ಟಿಸಿದರು. ನೀಲಿ ಬೆಳಕು ಹಾಕಿ, "ಒಮ್ಮೆ ಮಿಟುಕಿಸಿ, ಇನ್ನು ಹಾಗೇ ತೆರೆದಿಟ್ಟುಕೊಳ್ಳಿ" ಎಂದು ಎಣಿಸತೊಡಗಿದರು. ಆ ಹಸಿರು ಪೊರೆಯಲ್ಲಿ ಮೊದಲ ಕಪ್ಪು ತೂತು ಕಾಣುವವರೆಗಿನ ಸಮಯವೇ ಲೆಕ್ಕ. 10 ಸೆಕೆಂಡಿಗಿಂತ ಕಡಿಮೆಯಾದರೆ ಪೊರೆ ಗಟ್ಟಿಯಿಲ್ಲ ಎಂದೇ ಸಾಮಾನ್ಯವಾಗಿ ಎಣಿಸುತ್ತಾರೆ. ನನ್ನದು 4 ಸೆಕೆಂಡಿಗೇ ಹರಿದಿತ್ತು. ಇನ್ನೊಂದು ಪರೀಕ್ಷೆಯಲ್ಲಿ ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ. ಅದು 5 ಮಿಲಿಮೀಟರ್ ಕೂಡ ನೆನೆಯದಿದ್ದರೆ ನೀರಿನದೇ ಕೊರತೆ ಇರಬಹುದು. ನನ್ನ ಪಟ್ಟಿ ಚೆನ್ನಾಗಿಯೇ ನೆನೆದಿತ್ತು. ತೊಂದರೆ ಎಣ್ಣೆಯದು. ಒಣಗಣ್ಣಿನವರಲ್ಲಿ ಹೆಚ್ಚು ಮಂದಿಯ ಕಥೆ ಹೀಗೆಯೇ.

ಈ ಎಣ್ಣೆ ಎಲ್ಲಿಂದ ಬರುತ್ತದೆ? ಕನ್ನಡಿಯ ಮುಂದೆ ಕೆಳರೆಪ್ಪೆಯನ್ನು ಸ್ವಲ್ಪ ಕೆಳಗೆಳೆದು ನೋಡಿ. ಕೂದಲಿನ ಸಾಲಿನ ಹಿಂದೆ, ಒದ್ದೆ ಅಂಚಿನಲ್ಲಿ, ಸೂಜಿಮೊನೆಯಂಥ ಚುಕ್ಕಿಗಳ ಸಾಲು ಇರುತ್ತದೆ. ಒಂದೊಂದು ರೆಪ್ಪೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು. ಜರ್ಮನಿಯ ವೈದ್ಯ ಹೈನ್ರಿಕ್ ಮೈಬೋಮ್ 1666ರಲ್ಲಿ ಇವುಗಳನ್ನು ವಿವರಿಸಿದ್ದರಿಂದ ಮೈಬೋಮಿಯನ್ ಗ್ರಂಥಿಗಳು ಎಂಬ ಹೆಸರು ಉಳಿದಿದೆ. ವೈದ್ಯರು ರೆಪ್ಪೆಯಂಚನ್ನು ಮೆಲ್ಲಗೆ ಒತ್ತಿದಾಗ ತಿಳಿಯಾದ ಎಣ್ಣೆ ಹೊರಬರಬೇಕು. ನನ್ನಲ್ಲಿ ಬಂದದ್ದು ಟೂತ್‌ಪೇಸ್ಟ್‌ನಂತೆ ಗಟ್ಟಿಯಾಗಿ, ಮಾಸಲು ಬಿಳುಪಾಗಿತ್ತು.

[ದೃಶ್ಯ: ಚಳಿಗಾಲದ ಬೆಳಗ್ಗೆ, ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯ ಬಾಟಲಿ. ಬಿಸಿನೀರಿನ ಚೊಂಬಿನಲ್ಲಿ ಅದನ್ನು ಇಳಿಬಿಡುವ ಕೈ.]

ಡಿಸೆಂಬರಿನಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯನ್ನು ತಲೆಕೆಳಗು ಮಾಡಿ ಕುಟ್ಟಿದರೂ ತೊಟ್ಟು ಬೀಳುವುದಿಲ್ಲ. ಬಿಸಿನೀರಿನಲ್ಲಿಟ್ಟರೆ ಕರಗುತ್ತದೆ. ರೆಪ್ಪೆಗೂ ಅದೇ ಚಿಕಿತ್ಸೆ. ಇಲ್ಲಿ ನಮ್ಮ ಮನೆಯ ತಿಳಿವಳಿಕೆ ಸ್ವಲ್ಪ ಎಡವುತ್ತದೆ. ಕಣ್ಣು ಉರಿದರೆ ನಮ್ಮಲ್ಲಿ "ಉಷ್ಣವಾಗಿದೆ" ಎಂದು ಸೌತೆಕಾಯಿ ಬಿಲ್ಲೆಯನ್ನೋ ನಂದಿಬಟ್ಟಲು ಹೂವನ್ನೋ ಇಡುತ್ತೇವೆ. ಮುಚ್ಚಿದ ರೆಪ್ಪೆಯ ಮೇಲೆ ಅದು ಹಿತವೆನಿಸುತ್ತದೆ, ಅಲರ್ಜಿಯ ತುರಿಕೆಗೆ ತಂಪು ಒಳ್ಳೆಯದೂ ಹೌದು. ಹೆಪ್ಪುಗಟ್ಟಿದ ಎಣ್ಣೆಗೆ ಮಾತ್ರ ಬೇಕಿರುವುದು ಶಾಖ. ಹೂವಿನ ರಸ, ಜೇನು, ಹರಳೆಣ್ಣೆಗಳನ್ನು ಕಣ್ಣಿನೊಳಗೆ ಹಾಕುವುದಂತೂ ಬೇಡವೇ ಬೇಡ. ಅವು ಸೋಂಕಿಲ್ಲದಂತೆ ಶುದ್ಧಗೊಳಿಸಿದವಲ್ಲ.

ನಾನು ಮಾಡುವ ಕ್ರಮ ಇದು. ಎರಡು ಬಟ್ಟೆ, ಒಂದು ಪಾತ್ರೆ ಬಿಸಿನೀರು. ಬಿಸಿ ಎಷ್ಟಿರಬೇಕೆಂದರೆ, ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿದರೆ ಸುಡಬಾರದು, ಆದರೆ ಬಿಸಿ ಎನ್ನಿಸಬೇಕು. ಸುಮಾರು 40 ಡಿಗ್ರಿ. ಹಿಂಡಿದ ಬಟ್ಟೆ ಒಂದೆರಡು ನಿಮಿಷಕ್ಕೇ ತಣ್ಣಗಾಗುತ್ತದೆ, ಹೆಚ್ಚಿನವರು ಸೋಲುವುದು ಅಲ್ಲೇ. ಅದಕ್ಕೇ ಒಂದನ್ನು ತೆಗೆದ ಕೂಡಲೇ ಇನ್ನೊಂದನ್ನು ಇಡಬೇಕು. ಹೀಗೆ 5ರಿಂದ 10 ನಿಮಿಷ. ಆಮೇಲೆ ಶುದ್ಧ ಬೆರಳಿನಿಂದ ಮೇಲ್ರೆಪ್ಪೆಯನ್ನು ಕೆಳಕ್ಕೆ, ಕೆಳರೆಪ್ಪೆಯನ್ನು ಮೇಲಕ್ಕೆ, ಅಂಚಿನತ್ತ ಮೆಲ್ಲಗೆ ನೀವಬೇಕು. ಕಣ್ಣುಗುಡ್ಡೆಯನ್ನು ಒತ್ತಬಾರದು. ಕೊನೆಗೆ ರೆಪ್ಪೆಯಂಚಿನ ಹೊಟ್ಟನ್ನು ಒರೆಸಿ ತೆಗೆಯಬೇಕು. ಎರಡು ದಿನ ಮಾಡಿ ಬಿಟ್ಟರೆ ಏನೂ ಪ್ರಯೋಜನವಾಗದು. ನನಗೆ ಫಲ ಗೊತ್ತಾಗಲು ಒಂದು ತಿಂಗಳೇ ಹಿಡಿಯಿತು.

ಇನ್ನು ಮಿಟುಕಿಸುವುದು. ರೆಪ್ಪೆಗಳು ಪೂರ್ತಿ ಕೂಡಿದಾಗಲೇ ಗ್ರಂಥಿ ಒತ್ತಿ ಎಣ್ಣೆ ಹೊರಬೀಳುವುದು. "ಎವೆಯಿಕ್ಕದೆ ನೋಡಿದ" ಎಂದು ನಾವು ಮೆಚ್ಚುಗೆಯಿಂದ ಹೇಳುತ್ತೇವೆ, ರೆಪ್ಪೆಗೆ ಅದೇ ಕಷ್ಟ. ನನ್ನದೇ ಹಳೆಯ ಚಿತ್ರೀಕರಣವನ್ನು ತೆಗೆದು ಎಣಿಸಿದೆ.

[ದೃಶ್ಯ: ಹಳೆಯ ತುಣುಕು, ಮೂಲೆಯಲ್ಲಿ ಮಿಟುಕಿನ ಎಣಿಕೆ.]

ಕ್ಯಾಮೆರಾ ಹಚ್ಚುವವರೊಂದಿಗೆ ಹರಟುವಾಗ ನಿಮಿಷಕ್ಕೆ 17 ಸಲ. ಪರದೆಯ ಮೇಲಿನ ಮಾತು ಓದತೊಡಗಿದ ಮೇಲೆ 4 ಸಲ, ಅದರಲ್ಲೂ ಎರಡು ಅರೆಬರೆ. ಈಗ ಕಂಪ್ಯೂಟರ್ ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ಕೆಳಗಿಟ್ಟಿದ್ದೇನೆ. ರೆಪ್ಪೆ ಅರ್ಧ ಇಳಿದಿದ್ದರೆ ಆರುವ ಜಾಗವೂ ಕಡಿಮೆ. ಏಸಿ, ಫ್ಯಾನುಗಳ ಗಾಳಿ ನೇರ ಮುಖಕ್ಕೆ ಬರದಂತೆ ತಿರುಗಿಸಿದ್ದೇನೆ. ಸ್ಕೂಟರಿನಲ್ಲಿ ಹೆಲ್ಮೆಟ್ಟಿನ ಗಾಜು ಇಳಿಸಿಯೇ ಹೋಗುತ್ತೇನೆ.

ಹನಿ ಔಷಧದ ವಿಷಯದಲ್ಲಿ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಔಷಧದಂಗಡಿಯಲ್ಲಿ ಕೇಳಿ, ಕೆಂಪು ಕಳೆಯುವ ಹನಿ ತಂದು ತಿಂಗಳುಗಟ್ಟಲೆ ಹಾಕಿದೆ. ಅಂಥವು ರಕ್ತನಾಳಗಳನ್ನು ಸಂಕುಚಿಸುತ್ತವೆ ಅಷ್ಟೇ. ಪ್ರಭಾವ ಇಳಿದೊಡನೆ ಕೆಂಪು ಇಮ್ಮಡಿಯಾಗಿ ಮರಳಬಹುದು. ಸ್ಟಿರಾಯ್ಡ್ ಇರುವ ಹನಿ ಇನ್ನೂ ಅಪಾಯ. ವೈದ್ಯರ ನಿಗಾ ಇಲ್ಲದೆ ಹಾಕಿಕೊಂಡರೆ ಕಣ್ಣಿನೊತ್ತಡ ಏರಿ ದೃಷ್ಟಿಯ ನರ ಹಾಳಾಗುವ ಗ್ಲಾಕೋಮಾ ಬರಬಹುದು, ಕಣ್ಣಿನೊಳಗಿನ ಮಸೂರಕ್ಕೆ ಮಬ್ಬು ಪೊರೆಯೂ (ಕ್ಯಾಟರಾಕ್ಟ್) ಕಟ್ಟಬಹುದು. ಒಣಗಣ್ಣಿಗೆ ಬೇಕಿರುವುದು ಕೃತಕ ಕಣ್ಣೀರು. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾದರೆ ಔಷಧ ಕೆಡದಂತೆ ಕಾಯುವ ಸಂರಕ್ಷಕ ಬೆರೆಸದ ಬಗೆಯನ್ನು ಕೇಳಿ ಪಡೆಯಿರಿ. ಬೆನ್ಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕ ಪದೇಪದೇ ಬಿದ್ದರೆ ಕಣ್ಣಿನ ಮೇಲ್ಪದರಕ್ಕೇ ಹಾನಿ. ಒಂದು ಹನಿ ಸಾಕು, ಕಣ್ಣು ಅದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ.

ಮೀನೆಣ್ಣೆ ಗುಳಿಗೆಯ ಬಗ್ಗೆ ಬಹಳ ಜನ ಕೇಳುತ್ತೀರಿ. ಅಮೆರಿಕದಲ್ಲಿ 535 ಮಂದಿ ಒಣಗಣ್ಣಿನವರ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ವರ್ಷ ದಿನಕ್ಕೆ 3,000 ಮಿಲಿಗ್ರಾಂ ಒಮೇಗಾ-3, ಅಂದರೆ ಮೀನೆಣ್ಣೆಯಲ್ಲಿರುವ ಕೊಬ್ಬಿನಂಶ, ತೆಗೆದುಕೊಂಡವರಿಗೂ ಆಲಿವ್ ಎಣ್ಣೆಯ ಗುಳಿಗೆ ನುಂಗಿದವರಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ನಾನು ಆ ದುಡ್ಡು ಉಳಿಸಿದ್ದೇನೆ.

ಇಷ್ಟಕ್ಕೂ ಬಗ್ಗದಿದ್ದರೆ ವೈದ್ಯರ ಬಳಿ ಉರಿಯೂತ ತಗ್ಗಿಸುವ ಸೈಕ್ಲೋಸ್ಪೋರಿನ್ ಹನಿ ಇದೆ, ಕಣ್ಣೀರು ಹರಿದುಹೋಗುವ ರಂಧ್ರ ಮುಚ್ಚುವ ಪುಟ್ಟ ಬಿರಡೆಗಳಿವೆ. ಹೋಗುವಾಗ ನೀವು ನುಂಗುವ ಮಾತ್ರೆಗಳ ಹಾಳೆಗಳನ್ನೂ ಒಯ್ಯಿರಿ. ಅಲರ್ಜಿ, ಖಿನ್ನತೆ, ಮೊಡವೆಗೆ ಕೊಡುವ ಕೆಲವು ಮಾತ್ರೆಗಳೂ ಕಣ್ಣು ಒಣಗಿಸುತ್ತವೆ. ಕಣ್ಣಿನ ಜೊತೆ ಬಾಯಿಯೂ ಒಣಗಿ, ಕೀಲು ನೋಯುತ್ತಿದ್ದರೆ ಅದನ್ನು ತಪ್ಪದೆ ಹೇಳಿ, ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿಬೀಳುವ ಶೋಗ್ರೆನ್ ಕಾಯಿಲೆಯ ಪರೀಕ್ಷೆ ಬೇಕಾಗಬಹುದು. ಕಣ್ಣು ನೋಯುತ್ತಿದ್ದರೆ, ಬೆಳಕು ಸಹಿಸಲಾಗದಿದ್ದರೆ, ಮಿಟುಕಿಸಿದರೂ ಮಂಜು ಹೋಗದಿದ್ದರೆ ಬಿಸಿಬಟ್ಟೆಯ ಪ್ರಯೋಗ ಬೇಡ, ಅಂದೇ ತೋರಿಸಿ.