ಕಂಪನಿ ಬಂತು, ಊರಿಗೆ ಏನಾಯಿತು? ಹಾಸನ–ಚಿಕ್ಕಮಗಳೂರಿನ ಕಡೆಯಿಂದ ಒಂದು ಲೆಕ್ಕ

[ದೃಶ್ಯ: ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕ. ಮೇಲೆ ಬೋರ್ಡು. ಕ್ಯಾನ್ ಹಿಡಿದು ನಿಂತ ಜನ.]

ನಮಸ್ಕಾರ. ನಮ್ಮ ಹಾಸನ, ಚಿಕ್ಕಮಗಳೂರು ಕಡೆಯ ಹಳ್ಳಿಗಳಲ್ಲಿ ಇಂಥ ಘಟಕ ನೀವೂ ನೋಡಿರುತ್ತೀರಿ. ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತದೆ. ಕೆಲವನ್ನು ಸರ್ಕಾರ ಕಟ್ಟಿಸಿದೆ, ಕೆಲವನ್ನು ಕಂಪನಿಗಳು. ಕಂಪನಿ ಕಟ್ಟಿಸಿದ್ದಾದರೆ ಅದರ ವರದಿಯಲ್ಲಿ ಒಂದು ಸಾಲು ಬರುತ್ತದೆ: ಘಟಕ ಒಂದು, ಖರ್ಚು ಇಷ್ಟು ಲಕ್ಷ, ಅನುಕೂಲ ಆದವರು ಇಷ್ಟು ಸಾವಿರ.

ಆ 'ಇಷ್ಟು ಸಾವಿರ' ಎಲ್ಲಿಂದ ಬಂತು? ಎಷ್ಟೋ ಸಲ ಅದು ಊರಿನ ಜನಸಂಖ್ಯೆ, ಅಷ್ಟೇ. ಹತ್ತಿರ ಹೋಗಿ ನಿಂತರೆ ಬೇರೆ ಪ್ರಶ್ನೆಗಳು ಹುಟ್ಟುತ್ತವೆ. ಘಟಕ ಇವತ್ತು ಓಡುತ್ತಿದೆಯಾ? ಒಳಗೆ ನೀರು ಸೋಸುವ ಮೆಂಬ್ರೇನ್ ಕೊನೆಯ ಸಲ ಬದಲಾಯಿಸಿದ್ದು ಯಾವಾಗ, ದುಡ್ಡು ಯಾರು ಹಾಕಿದರು? ಶುದ್ಧ ಮಾಡುವಾಗ ಹೊರಗೆ ಬೀಳುವ ಉಪ್ಪು ನೀರು ಯಾವ ಚರಂಡಿ ಸೇರುತ್ತದೆ? ಊರಾಚೆಯ ಕಾಲೋನಿಯವರೂ ಇಲ್ಲಿ ಕ್ಯಾನ್ ತುಂಬಿಸುತ್ತಾರಾ, ಅಥವಾ ಇವತ್ತಿಗೂ ಬೋರ್‌ವೆಲ್ ನೀರೇ ಗತಿಯಾ?

ಕೊಟ್ಟದ್ದನ್ನು ಎಣಿಸುವುದು ಸುಲಭ. ಬದಲಾದದ್ದನ್ನು ಅಳೆಯುವುದು ಕಷ್ಟ. ಒಂದು ಕಂಪನಿಯಿಂದ ಸುತ್ತಲಿನ ಊರಿಗೆ ನಿಜವಾಗಿ ಏನಾಯಿತು ಅಂತ ಅಳೆಯುವುದು ಹೇಗೆ, ಇವತ್ತು ಅದನ್ನೇ ನೋಡೋಣ.

[ಪರದೆ ಮೇಲೆ: 2%]

ಮೊದಲು ಕಾನೂನು. ಬೇಗ ಮುಗಿಸುತ್ತೇನೆ. 2013ರ ಕಂಪನಿ ಕಾಯ್ದೆಯಲ್ಲಿ 135ನೇ ಸೆಕ್ಷನ್ ಇದೆ. ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ, ಅಥವಾ 1,000 ಕೋಟಿ ವಹಿವಾಟು, ಅಥವಾ 500 ಕೋಟಿ ನಿವ್ವಳ ಆಸ್ತಿ, ಇದರಲ್ಲಿ ಯಾವುದಾದರೂ ಒಂದು ಇದ್ದರೆ ಸಾಕು. ಆ ಕಂಪನಿ ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ 2% ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇದನ್ನೇ ನಾವು ಸಿಎಸ್‌ಆರ್, ಅಂದರೆ ಕಂಪನಿಯ ಸಾಮಾಜಿಕ ಹೊಣೆ, ಅನ್ನುವುದು. ತಾನು ಇರುವ ಜಾಗಕ್ಕೆ, ಸುತ್ತಲಿನ ಊರುಗಳಿಗೆ ಮೊದಲ ಆದ್ಯತೆ ಕೊಡಬೇಕು ಅಂತಲೂ ಕಾಯ್ದೆ ಹೇಳುತ್ತದೆ.

2021ರಲ್ಲಿ ಇನ್ನೊಂದು ನಿಯಮ ಬಂತು. ಸಿಎಸ್‌ಆರ್ ಬಾಧ್ಯತೆ ಸರಾಸರಿ 10 ಕೋಟಿ ದಾಟಿದ ಕಂಪನಿ, 1 ಕೋಟಿಗಿಂತ ದೊಡ್ಡ ಯೋಜನೆಗಳ ಪರಿಣಾಮವನ್ನು ಹೊರಗಿನ ಸಂಸ್ಥೆಯಿಂದ ಅಳೆಸಬೇಕು. ಒಳ್ಳೆಯ ನಿಯಮವೇ. ಆದರೆ ಸ್ವಲ್ಪ ಲೆಕ್ಕ ಹಾಕಿ. 2% ಅಂದರೆ 10 ಕೋಟಿ ಆಗಬೇಕಾದರೆ ಸರಾಸರಿ ಲಾಭ 500 ಕೋಟಿ ಇರಬೇಕು. ನಮ್ಮ ಜಿಲ್ಲೆಗಳ ಸಣ್ಣ, ಮಧ್ಯಮ ಫ್ಯಾಕ್ಟರಿಗಳು, ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳು ಆ ಗೆರೆಯ ಹತ್ತಿರಕ್ಕೂ ಬರುವುದಿಲ್ಲ. ಅಳೆಯಿರಿ ಅಂತ ಅವರಿಗೆ ಯಾರೂ ಹೇಳುವುದಿಲ್ಲ. ಕೇಳಿದರೆ ಊರಿನವರೇ ಕೇಳಬೇಕು.

ಇನ್ನೂ ದೊಡ್ಡ ಮಾತೊಂದಿದೆ. ಆ ನಿಯಮ ಅಳೆಯುವುದು ಸಿಎಸ್‌ಆರ್ ಯೋಜನೆಯನ್ನು ಮಾತ್ರ, ಕಂಪನಿಯನ್ನಲ್ಲ. ಲಾಭದ ನೂರರಲ್ಲಿ 2 ಭಾಗ ಊರಿಗೆ ಕೊಟ್ಟರು, ಸರಿ. ಆ ಲಾಭ ಬಂದದ್ದು ಹೇಗೆ? ಸಂಬಳ ಎಷ್ಟು ಕೊಟ್ಟರು, ಸಾಮಾನು ಯಾರ ಹತ್ತಿರ ಕೊಂಡರು, ನೀರು ಎಲ್ಲಿಂದ ತೆಗೆದರು, ಕೊಳೆ ಎಲ್ಲಿಗೆ ಬಿಟ್ಟರು? ಊರಿನ ಬದುಕು ಬದಲಾಗುವುದು ಈ ದಿನನಿತ್ಯದ ವ್ಯವಹಾರದಿಂದ. ಬೆಂಚು, ಬ್ಯಾಗು, ಕಂಪ್ಯೂಟರ್ ಹಂಚಿದ್ದು ಅದರ ಪಕ್ಕದಲ್ಲಿ ಸಣ್ಣದು. ಪರಿಣಾಮ ಅಳೆಯುತ್ತೇವೆ ಅಂತ ಹೊರಟವರು ಬೋರ್ಡು ಎಣಿಸಿಕೊಂಡು ವಾಪಸ್ ಬರಬಾರದು.

[ದೃಶ್ಯ: ಜಿಲ್ಲೆಯ ನಕ್ಷೆ. ಫ್ಯಾಕ್ಟರಿಯ ಸುತ್ತ ಒಂದು ವೃತ್ತ. ಆಮೇಲೆ ವೃತ್ತ ಅಳಿಸಿ ಗೆರೆಗಳು.]

ಸರಿ, ಎಲ್ಲಿಂದ ಶುರು? ಸ್ಥಳೀಯ ಸಮುದಾಯ ಅಂದರೆ ಯಾರು ಅನ್ನುವುದರಿಂದ. ವರದಿಗಳಲ್ಲಿ ಸಾಮಾನ್ಯವಾಗಿ ಗೇಟಿನ ಸುತ್ತ ಇಷ್ಟು ಕಿಲೋಮೀಟರ್ ಅಂತ ವೃತ್ತ ಹಾಕಿಬಿಡುತ್ತಾರೆ. ಪರಿಣಾಮ ಹಾಗೆ ದುಂಡಗೆ ಹರಡುವುದಿಲ್ಲ. ಹಾಸನದ ಹೊರವಲಯದ ಗಾರ್ಮೆಂಟ್ಸ್‌ಗೆ ಬೆಳಗ್ಗೆ ಬಸ್ಸು ಹತ್ತುವ ಹೆಣ್ಣುಮಕ್ಕಳು ಆಲೂರು, ಅರಕಲಗೂಡು, ಹೊಳೆನರಸೀಪುರದ ಕಡೆಯವರೂ ಇರಬಹುದು. ಹಾಗಿದ್ದರೆ ಆ ಊರುಗಳೂ ಲೆಕ್ಕಕ್ಕೆ ಬರಬೇಕು. ನೀರು ಬಿಡುವ ಹಳ್ಳ ಎಲ್ಲಿಯವರೆಗೆ ಹರಿಯುತ್ತದೋ ಅಲ್ಲಿಯವರೆಗಿನ ಗದ್ದೆಯವರೂ ಬರಬೇಕು. ಮಲೆನಾಡಿನವರಿಗೆ ಇದು ಗೊತ್ತು. ಡಿಸೆಂಬರ್, ಜನವರಿಯಲ್ಲಿ ತೋಟದ ಮೇಲ್ಗಡೆ ಕಾಫಿ ಪಲ್ಪಿಂಗ್ ಮಾಡಿ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ, ಆ ನೀರನ್ನು ಹಾಗೇ ಬಿಟ್ಟರೆ, ಕೆಳಗಿನ ಹಳ್ಳದ ವಾಸನೆಯೇ ಹೇಳುತ್ತದೆ.

ಕೆಲಸಕ್ಕೆ ಅಂತ ಅಸ್ಸಾಂನಿಂದಲೋ ಜಾರ್ಖಂಡ್‌ನಿಂದಲೋ ಬಂದು ತೋಟದ ಲೈನ್ ಮನೆಯಲ್ಲಿ ಇರುವವರನ್ನೂ ಸೇರಿಸಿಕೊಳ್ಳಬೇಕು. ಅವರು ಊರಿನವರಲ್ಲ ಅಂತ ಬಿಟ್ಟುಬಿಡುವುದು ರೂಢಿ. ಅವರ ಮಕ್ಕಳು ನಮ್ಮ ಅಂಗನವಾಡಿಗೆ ಬರುತ್ತಾರಾ, ಇಲ್ವಾ? ಕಾಯಿಲೆ ಬಿದ್ದರೆ ಯಾರು ಕರೆದುಕೊಂಡು ಹೋಗುತ್ತಾರೆ? ಇದಕ್ಕೆ ಉತ್ತರ ಇಲ್ಲದ ವರದಿ ನನ್ನ ಪ್ರಕಾರ ಅರ್ಧ ವರದಿ.

[ದೃಶ್ಯ: ಮೇಜಿನ ಮೇಲೆ ನೂರು ರೂಪಾಯಿಯ ಒಂದು ನೋಟು.]

ಈಗ ದುಡ್ಡಿನ ಕಡೆಗೆ ಬರೋಣ. 'ಎಲ್‌ಎಂ3' ಅಂತ ಒಂದು ವಿಧಾನ ಇದೆ, ಬ್ರಿಟನ್ನಿನ ನ್ಯೂ ಎಕನಾಮಿಕ್ಸ್ ಫೌಂಡೇಶನ್ ರೂಪಿಸಿದ್ದು. ಹೆಸರು ಮರೆತರೂ ಪರವಾಗಿಲ್ಲ, ಲೆಕ್ಕ ನೆನಪಿರಲಿ. ದುಡ್ಡು ಊರೊಳಗೆ ಮೂರು ಸುತ್ತು ಹೇಗೆ ತಿರುಗುತ್ತದೆ ಅಂತ ನೋಡುವುದು.

ಒಂದು ಕಾಲ್ಪನಿಕ ಫ್ಯಾಕ್ಟರಿ ಇಟ್ಟುಕೊಳ್ಳಿ. ಅದರ ಕೈಗೆ 100 ರೂಪಾಯಿ ಬಂತು. ಇದು ಮೊದಲ ಸುತ್ತು. ಬಟ್ಟೆ ಹೊರಗಿನಿಂದ, ಮೆಷಿನ್ ಹೊರಗಿನಿಂದ, ಸಾಲದ ಬಡ್ಡಿ ಹೊರಗೆ. ಜಿಲ್ಲೆಯವರ ಸಂಬಳಕ್ಕೆ 30 ರೂಪಾಯಿ. ಇಲ್ಲಿನ ಬಸ್ಸಿನವರಿಗೆ, ಕ್ಯಾಂಟೀನ್ ತರಕಾರಿ, ಹಾಲಿಗೆ 10. ಒಟ್ಟು 40 ಊರಲ್ಲಿ ಉಳಿಯಿತು. ಇದು ಎರಡನೇ ಸುತ್ತು. ಆ 40 ಪಡೆದವರು ಮನೆ ಬಾಡಿಗೆ, ದಿನಸಿ, ಮಕ್ಕಳ ಫೀಸು ಅಂತ 24 ರೂಪಾಯಿ ಇಲ್ಲೇ ಖರ್ಚು ಮಾಡಿದರು. ಇದು ಮೂರನೆಯದು. ಮೂರನ್ನೂ ಕೂಡಿಸಿ, ಮೊದಲ 100ರಿಂದ ಭಾಗಿಸಿ. 164 ಭಾಗಿಸು 100, ಅಂದರೆ 1.64. ಈ ಅಂಕಿ ದೊಡ್ಡದಾದಷ್ಟೂ ದುಡ್ಡು ಊರೊಳಗೇ ಹೆಚ್ಚು ತಿರುಗಿತು ಅಂತ.

ಅದೇ ಫ್ಯಾಕ್ಟರಿ ಬಸ್ಸು, ಕ್ಯಾಂಟೀನ್ ಎರಡನ್ನೂ ಹೊರಗಿನ ದೊಡ್ಡ ಕಂಟ್ರಾಕ್ಟರಿಗೆ ಕೊಟ್ಟಿತು ಅನ್ನಿ. ಸ್ಥಳೀಯರ ಸಂಬಳ 20ಕ್ಕೆ ಇಳಿಯಿತು. ಅದರಲ್ಲಿ 8 ಮಾತ್ರ ಇಲ್ಲಿ ತಿರುಗಿತು. ಆಗ ಬರುವುದು 1.28. ಕಟ್ಟಡ ಅದೇ, ವಹಿವಾಟು ಅದೇ, ಪೇಪರಿನಲ್ಲಿ ಬರುವ ಸುದ್ದಿಯೂ ಅದೇ. ಊರಿಗೆ ಸಿಕ್ಕಿದ್ದು ಬೇರೆ.

ನಮ್ಮ ಹಾಲು ಒಕ್ಕೂಟವನ್ನು ಇದರ ಪಕ್ಕ ಇಟ್ಟು ನೋಡಿ. ಹಾಸನದ ಒಕ್ಕೂಟ ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಯಿಂದ ಹಾಲು ತೆಗೆದುಕೊಳ್ಳುತ್ತದೆ. ಅಲ್ಲಿ ಕಚ್ಚಾ ಸಾಮಾನೇ ಹಳ್ಳಿಯದು. ಹಾಲಿನ ಬಟವಾಡೆ ಅಂದರೆ ಹಿಂಡಿ ಅಂಗಡಿಗೆ, ದಿನಸಿಗೆ, ಮಗಳ ಬಸ್ ಪಾಸಿಗೆ ಹೋಗುವ ದುಡ್ಡು. ಎರಡನೇ ಸುತ್ತೇ ದೊಡ್ಡದಾಗಿರುತ್ತದೆ. ಹಾಗಂತ ಗಾರ್ಮೆಂಟ್ಸ್ ಕೆಟ್ಟದ್ದು, ಡೇರಿ ಒಳ್ಳೆಯದು ಅಂತಲ್ಲ. ತಿಂಗಳಿಗೆ ತಪ್ಪದೆ ಬರುವ ಸಂಬಳ, ಪಿಎಫ್ ಅನ್ನುವ ಭವಿಷ್ಯ ನಿಧಿ, ಇಎಸ್‌ಐ ಅನ್ನುವ ಕಾರ್ಮಿಕರ ವಿಮೆ ಇವೆಲ್ಲ ಹಸು ಕಟ್ಟಿದವರಿಗೆ ಇಲ್ಲ.

[ದೃಶ್ಯ: ಹೆಸರು ಮರೆಮಾಡಿದ ಒಂದು ಪೇ ಸ್ಲಿಪ್, ತೀರಾ ಹತ್ತಿರದಿಂದ.]

ಈ ಕಾಗದ ನೋಡಿ. ಪರಿಣಾಮದ ಬಗ್ಗೆ ಇಷ್ಟು ಹೇಳುವ ಚೀಟಿ ಇನ್ನೊಂದಿಲ್ಲ. ಮೂಲ ವೇತನ, ತುಟ್ಟಿಭತ್ಯೆ, ಆಮೇಲೆ ಕಡಿತ. ಪಿಎಫ್‌ಗೆ 12%, ಕಂಪನಿಯೂ ಅಷ್ಟೇ ಹಾಕಬೇಕು. ಇಎಸ್‌ಐಗೆ ಕೆಲಸಗಾರರಿಂದ 0.75%, ಕಂಪನಿಯಿಂದ 3.25%. ಕಡಿತ ಆಗಿದೆ, ಖಾತೆಗೆ ಬಿದ್ದಿದೆಯಾ? ಮೇಲೆ ಯಾರ ಹೆಸರಿದೆ, ಕಂಪನಿಯದ್ದಾ, ಲೇಬರ್ ಕಂಟ್ರಾಕ್ಟರದ್ದಾ? ಎಷ್ಟೋ ಕಡೆ ಸ್ಲಿಪ್ಪೇ ಕೈಗೆ ಬರುವುದಿಲ್ಲ. ಅದೂ ಒಂದು ಉತ್ತರವೇ.

'ಸಾವಿರ ಜನಕ್ಕೆ ಉದ್ಯೋಗ' ಅಂತ ಹೇಳುತ್ತಾರಲ್ಲ, ಅಲ್ಲಿ ಒಂದು ಪ್ರಶ್ನೆ ಕೇಳಿ. ಮೂರು ವರ್ಷದ ಹಿಂದೆ ಸೇರಿದವರಲ್ಲಿ ಇವತ್ತು ಎಷ್ಟು ಜನ ಇದ್ದಾರೆ? ಆರಾರು ತಿಂಗಳಿಗೆ ಕುರ್ಚಿ ಖಾಲಿ ಆಗುತ್ತಿದ್ದರೆ ಅದು ಸಾವಿರ ಬದುಕು ಅಲ್ಲ, ಸಾವಿರ ಕುರ್ಚಿ. ಬಿಟ್ಟವರು ಯಾಕೆ ಬಿಟ್ಟರು? ಮಗು ಆಯಿತು ಅಂತ ಬಿಟ್ಟವರು ಜಾಸ್ತಿ ಇದ್ದರೆ ಕ್ರೆಷ್, ಅಂದರೆ ಕೆಲಸದ ಹೊತ್ತಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೋಣೆ, ನೋಡಿ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಕ್ರೆಷ್ ಇರಲೇಬೇಕು ಅಂತ 2017ರಲ್ಲಿ ಹೆರಿಗೆ ಸೌಲಭ್ಯದ ಕಾಯ್ದೆಗೆ ತಿದ್ದುಪಡಿ ಬಂತು. ಕೋಣೆ ಇದೆಯಾ ಅಂತ ಕೇಳಿದರೆ ಸಾಲದು. ಬೆಳಗ್ಗೆ ಹನ್ನೊಂದಕ್ಕೆ ಹೋಗಿ, ಒಳಗೆ ಎಷ್ಟು ಮಕ್ಕಳಿವೆ ನೋಡಿ.

ಇನ್ನು ಸರಾಸರಿ. ನನಗೆ ಸರಾಸರಿಯ ಮೇಲೆ ನಂಬಿಕೆ ಕಡಿಮೆ. ಫ್ಯಾಕ್ಟರಿ ಬಂದ ಮೇಲೆ ಕೂಲಿ ದರ ಏರಿತು ಅಂದುಕೊಳ್ಳಿ. ಕೂಲಿಗೆ ಹೋಗುವ ಮನೆಗೆ ಅದು ಲಾಭ. ಎರಡು ಎಕರೆ ಆಲೂಗೆಡ್ಡೆ, ಶುಂಠಿ ಹಾಕಿದವನಿಗೆ ಆಳು ಸಿಗದೆ ನಷ್ಟ. ಬಾಡಿಗೆ ಮನೆ ಇಟ್ಟವರಿಗೆ ಹಬ್ಬ, ಬಾಡಿಗೆಗೆ ಇರುವ ಮೇಷ್ಟ್ರಿಗೆ ಹೊರೆ. ಕೂಡಿಸಿ ಭಾಗಿಸಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಯಾರಿಗೆ ಬಂತು, ಯಾರಿಂದ ಹೋಯಿತು ಅಂತ ಬಿಡಿಸಿ ಬರೆಯಬೇಕು. ನೀರೂ ಹಾಗೇ. ಮಳೆ ಜಾಸ್ತಿ ಬೀಳುವ ಸಕಲೇಶಪುರದಲ್ಲಿ ತೆಗೆದ ಒಂದು ಲಕ್ಷ ಲೀಟರ್, ಒಣ ಸೀಮೆಯ ಅರಸೀಕೆರೆಯಲ್ಲಿ ತೆಗೆದ ಒಂದು ಲಕ್ಷ ಲೀಟರ್ ಒಂದೇ ಅಲ್ಲ.

ಎಲ್ಲ ಒಳ್ಳೆಯದನ್ನೂ ಕಂಪನಿಯ ಖಾತೆಗೆ ಬರೆಯಬಾರದು, ಎಲ್ಲ ಕೆಟ್ಟದ್ದನ್ನೂ ಬರೆಯಬಾರದು. ಹೊಸ ರಸ್ತೆ ಬಂದದ್ದಕ್ಕೆ ಊರು ಬೆಳೆದಿರಬಹುದು, ಮಳೆ ಕೈಕೊಟ್ಟಿದ್ದಕ್ಕೆ ಬೋರ್‌ವೆಲ್ ಬತ್ತಿರಬಹುದು. ಹಾಗಾಗಿ ಅದೇ ತಾಲೂಕಿನಲ್ಲಿ ಕಂಪನಿ ಇಲ್ಲದ, ಆದರೆ ಮಣ್ಣು, ಮಳೆ, ಜನ ಹೆಚ್ಚುಕಡಿಮೆ ಒಂದೇ ರೀತಿ ಇರುವ ಇನ್ನೊಂದು ಊರನ್ನು ಪಕ್ಕಕ್ಕೆ ಇಟ್ಟುಕೊಂಡು ಹೋಲಿಸಬೇಕು. ಎರಡರ ನಡುವಿನ ವ್ಯತ್ಯಾಸ ನೋಡಿದರೆ ಕಂಪನಿಯ ಪಾಲು ಎಷ್ಟು ಅಂತ ಅಂದಾಜು ಸಿಗುತ್ತದೆ.

[ದೃಶ್ಯ: ಕುದುರೆಮುಖದ ಬೆಟ್ಟ, ಮಂಜು. ಟೌನ್‌ಶಿಪ್ಪಿನ ಮುಚ್ಚಿದ ಕ್ವಾರ್ಟರ್ಸ್.]

ಈಗ ಚಿಕ್ಕಮಗಳೂರು ಜಿಲ್ಲೆಯ ದೊಡ್ಡ ಪಾಠಕ್ಕೆ ಬರುತ್ತೇನೆ. ಕುದುರೆಮುಖ ಕಬ್ಬಿಣದ ಅದಿರು ಕಂಪನಿ, ಕೇಂದ್ರ ಸರ್ಕಾರದ್ದು, 1976ರಲ್ಲಿ ಶುರುವಾಯಿತು. ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಕಾಡಿನ ನಡುವೆ ಟೌನ್‌ಶಿಪ್ ಎದ್ದಿತು. ಶಾಲೆ, ಆಸ್ಪತ್ರೆ, ಮಾರ್ಕೆಟ್ಟು ಎಲ್ಲ ಬಂತು. 1990ರ ಸುಮಾರಿಗೆ ಯಾರಾದರೂ ಸಂಬಳ, ಶಾಲೆ, ಆಸ್ಪತ್ರೆ ಮಾತ್ರ ಅಳೆದಿದ್ದರೆ ಪರಿಣಾಮ ಅದ್ಭುತ ಅಂತಲೇ ಬರೆಯುತ್ತಿದ್ದರು.

ಆದರೆ ಗಣಿ ಇದ್ದದ್ದು ಭದ್ರಾ ನದಿ ಹುಟ್ಟುವ ಸೀಮೆಯಲ್ಲಿ. ಮಳೆಗಾಲದಲ್ಲಿ ಕೊಚ್ಚಿ ಬರುವ ಹೂಳಿನ ಬಗ್ಗೆ ನದಿಯ ಕೆಳಗಿನವರು ದೂರುತ್ತಲೇ ಇದ್ದರು. ಕಳಸ, ಬಾಳೆಹೊನ್ನೂರು, ಮುಂದೆ ಲಕ್ಕವಳ್ಳಿಯ ಅಣೆಕಟ್ಟು, ಎಲ್ಲ ಅದೇ ನೀರಿನ ದಾರಿಯಲ್ಲಿವೆ. ಗೇಟಿನ ಸುತ್ತ ವೃತ್ತ ಹಾಕಿದ್ದರೆ ಈ ಊರುಗಳು ಕಾಣುತ್ತಲೇ ಇರಲಿಲ್ಲ. 1987ರಲ್ಲಿ ಆ ಪ್ರದೇಶ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆ ಆಯಿತು. ಹೋರಾಟ ನಡೆಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಆಮೇಲೆ ಟೌನ್‌ಶಿಪ್ ಖಾಲಿಯಾಯಿತು. ಅದನ್ನೇ ನಂಬಿದ್ದ ಅಂಗಡಿಗಳೂ ಮುಚ್ಚಿದವು. ಗಣಿ ನಿಂತದ್ದು ಸರಿ ಅಂತಲೇ ನಾನು ನಂಬಿರುವುದು. ಆದರೆ ಕಂಪನಿಯ ನೆರಳಿನಲ್ಲಿ ಹೋಟೆಲ್ಲು, ಗ್ಯಾರೇಜು, ದಿನಗೂಲಿ ಮಾಡಿಕೊಂಡಿದ್ದವರು ಆ ದಿನಕ್ಕೆ ಏನು ತಯಾರಿ ಮಾಡಿಕೊಂಡಿದ್ದರು? ಅವರನ್ನು ತಯಾರು ಮಾಡುವುದು ಯಾರ ಕೆಲಸವಾಗಿತ್ತು? ಯಾವ ಕಂಪನಿಯನ್ನು ಅಳೆದರೂ ಈ ಪ್ರಶ್ನೆ ಇರಲೇಬೇಕು: ನಾಳೆ ಇದು ಬಾಗಿಲು ಹಾಕಿದರೆ ಊರಿನ ಕೈಯಲ್ಲಿ ಏನು ಉಳಿಯುತ್ತದೆ? ಬೇರೆ ಕಡೆ ನಡೆಯುವ ಕಸುಬು ಕಲಿತಿದ್ದಾರಾ? ಬೇರೆ ಗಿರಾಕಿ ಇರುವ ಸಣ್ಣ ಉದ್ಯಮ ಹುಟ್ಟಿದೆಯಾ? ನೆಲ, ನೀರು ಮತ್ತೆ ಬಳಸುವ ಸ್ಥಿತಿಯಲ್ಲಿದೆಯಾ?

[ದೃಶ್ಯ: ಜಗಲಿ. ಪುಸ್ತಕ, ಪೆನ್ನು ಹಿಡಿದ ಹುಡುಗಿ, ಎದುರಿಗೆ ಒಬ್ಬ ಹೆಂಗಸು.]

ಜನರನ್ನು ಕೇಳುವುದರಲ್ಲೂ ರೀತಿ ಇದೆ. 'ಕಂಪನಿಯಿಂದ ನಿಮಗೆ ಒಳ್ಳೆಯದಾಗಿದೆಯಾ?' ಅಂತ ಕೇಳಿದರೆ, ಕಂಪನಿಯ ಜೀಪಿನಲ್ಲಿ ಬಂದವರಿಗೆ ಯಾರು ತಾನೇ ಇಲ್ಲ ಅನ್ನುತ್ತಾರೆ? ಅದರ ಬದಲು ಹೀಗೆ ಕೇಳಿ: 'ಅಕ್ಕಾ, ಹೋದ ತಿಂಗಳು ಸಂಬಳ ಬಂದಾಗ ಮೊದಲು ಯಾವುದಕ್ಕೆ ಕೊಟ್ರಿ?' 'ಸಂಘದ ಕಂತು ಕಟ್ದೆ ಕಣವ್ವ, ಆಮೇಲೆ ಬಾಡಿಗೆ.' 'ರಾತ್ರಿ ಪಾಳಿ ಮುಗಿದ್ರೆ ಬಸ್ಸು ಎಲ್ಲಿವರೆಗೂ ಬಿಡುತ್ತೆ?' 'ಕ್ರಾಸ್‌ವರೆಗೂ. ಅಲ್ಲಿಂದ ನಡ್ಕೊಂಡೇ ಬರ್ಬೇಕು.' ಇಂಥ ಉತ್ತರದಲ್ಲಿ ಪರಿಣಾಮ ಸಿಗುತ್ತದೆ. ಗಂಡಸರು ಎದ್ದು ಹೋದ ಮೇಲೆ ಹೆಂಗಸರನ್ನು ಬೇರೆಯಾಗಿ ಮಾತಾಡಿಸಿ. ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ದರೆ ಆ ಮಾತನ್ನು ಲೆಕ್ಕಕ್ಕೇ ಹಿಡಿಯಬೇಡಿ.

[ಪರದೆ ಮೇಲೆ: ದಾಖಲೆ ಎಲ್ಲಿ ಸಿಗುತ್ತದೆ?]

ದಾಖಲೆಗೆ ಬಂದರೆ, ಸಿಎಸ್‌ಆರ್ ಯೋಜನೆಗಳ ವಿವರ ಕಂಪನಿಯ ವೆಬ್‌ಸೈಟಿನಲ್ಲಿ ಇರಬೇಕು, ಅದು ನಿಯಮ. ಖಾಸಗಿ ಕಂಪನಿಗೆ ನೇರವಾಗಿ ಮಾಹಿತಿ ಹಕ್ಕಿನ ಅರ್ಜಿ ಹಾಕಲು ಆಗುವುದಿಲ್ಲ. ಆದರೆ ಮಾಲಿನ್ಯ ನಿಯಂತ್ರಣ ಮಂಡಳಿ, ಜಿಲ್ಲಾಧಿಕಾರಿ ಕಚೇರಿ, ಗ್ರಾಮ ಪಂಚಾಯ್ತಿ, ಇವರ ಹತ್ತಿರ ಇರುವ ಕಾಗದ ಕೇಳಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಮಂಡಳಿ ಕೊಟ್ಟ ಅನುಮತಿ ಪತ್ರದಲ್ಲಿ ಎಷ್ಟು ನೀರು ಬಳಸಬಹುದು, ಎಷ್ಟು ಹೊರಗೆ ಬಿಡಬಹುದು ಅಂತ ಬರೆದಿರುತ್ತದೆ. ಕಟ್ಟಡ ತೆರಿಗೆ ಕಟ್ಟಿದ್ದಾರಾ ಅಂತ ಪಂಚಾಯ್ತಿಯಲ್ಲಿ ವಿಚಾರಿಸಿ.

ಹೊಸದಾಗಿ ಗಣಿಯೋ, ಸಕ್ಕರೆ ಕಾರ್ಖಾನೆಯೋ, ಡಿಸ್ಟಿಲರಿಯೋ ಬರುತ್ತಿದ್ದರೆ 2006ರ ಪರಿಸರ ಅಧಿಸೂಚನೆಯ ಪ್ರಕಾರ ಬಹಳಷ್ಟು ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಕನಿಷ್ಠ 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಸಭೆಯ ಕೊನೆಗೆ ಜನ ಹೇಳಿದ್ದನ್ನು ಅಲ್ಲೇ ಓದಿ ಹೇಳಬೇಕು. ನೀವು ಹೇಳಿದ ಮಾತು ಅದರಲ್ಲಿ ಇದೆಯಾ ಅಂತ ಕಿವಿಗೊಟ್ಟು ಕೇಳಿ. ಬಿಟ್ಟುಹೋಗಿದ್ದರೆ ಅಲ್ಲೇ ಎದ್ದು ನಿಂತು ಸೇರಿಸಲು ಹೇಳಿ. ಬರಹದಲ್ಲೂ ಕೊಟ್ಟಿರಿ.

ಆ ಸಭೆಗೆ ಮುಂಚೆ ಇನ್ನೊಂದು ಕೆಲಸ ಮಾಡಿಟ್ಟುಕೊಳ್ಳಿ. ಕಂಪನಿ ಬರುವ ಮೊದಲು ಊರು ಹೇಗಿತ್ತು ಅನ್ನುವ ದಾಖಲೆ ಇಲ್ಲದಿದ್ದರೆ ಆಮೇಲೆ ಹೋಲಿಸುವುದು ಯಾವುದರ ಜೊತೆ? ಯಾವ ಬಾವಿಯಲ್ಲಿ ಎಷ್ಟು ಅಡಿಗೆ ನೀರಿದೆ, ಗಂಡಾಳಿಗೆ, ಹೆಣ್ಣಾಳಿಗೆ ದಿನಗೂಲಿ ಎಷ್ಟು, ಎರಡು ಕೋಣೆಯ ಮನೆಗೆ ಬಾಡಿಗೆ ಎಷ್ಟು, ಶಾಲೆಯಲ್ಲಿ ಎಷ್ಟು ಮಕ್ಕಳು, ಹೊರಗೆ ದುಡಿಯಲು ಹೋದವರು ಎಷ್ಟು. ಹಳ್ಳದ ನೀರಿನ ಫೋಟೋ ತೆಗೆದು ದಿನಾಂಕ ಹಾಕಿ. ಇಷ್ಟನ್ನೂ ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಪಿಡಿಒ ಸಹಿ ಇರುವ ಒಂದು ನಕಲನ್ನು ಊರಿನವರ ಹತ್ತಿರವೇ ಇಟ್ಟುಕೊಳ್ಳಿ.