ಡೇರೆ ಬಿಚ್ಚುವ ಮೊದಲು

ಕೇಳುಗರಿಗೆಲ್ಲ ನಮಸ್ಕಾರ.

ಚಿಕ್ಕಂದಿನಲ್ಲಿ ನಮ್ಮೂರ ಗದ್ದೆಗೆ ಯಕ್ಷಗಾನದ ಡೇರೆ ಮೇಳ ಬರುತ್ತಿತ್ತು. ಉಡುಪಿಯಿಂದ ಸ್ವಲ್ಪ ಒಳಗಿನ ಊರು ನಮ್ಮದು. ಕೊಯ್ಲಾದ ಗದ್ದೆಯಲ್ಲಿ ಡೇರೆ ಎದ್ದು ನಿಲ್ಲುತ್ತಿತ್ತು. ರಾತ್ರಿ ಶುರುವಾದ ಆಟ ಬೆಳಕು ಹರಿಯುವವರೆಗೆ. ಮಂಗಳ ಹಾಡಿದ ಕೂಡಲೇ ಡೇರೆ ಬಿಚ್ಚುವ ಗಡಿಬಿಡಿ. ಅದೇ ಸಂಜೆ ಮೇಳ ಇನ್ನೊಂದು ಊರಿನಲ್ಲಿ ಇರಬೇಕು, ಅಲ್ವಾ? ಒಂದು ಕಡೆ ಚೌಕಿಯಲ್ಲಿ ವೇಷ ಕಳಚಿ ಪೆಟ್ಟಿಗೆಗೆ ತುಂಬುತ್ತಿದ್ದರು. ಇನ್ನೊಂದು ಕಡೆ ಹಗ್ಗ ಸಡಿಲಿಸುತ್ತಿದ್ದರು.

ಒಂದು ದಿನ ನನ್ನ ತಮ್ಮ ಒಳಗೆ ಚಾಪೆಯ ಮೇಲೆ ನಿದ್ದೆ ಹೋಗಿದ್ದ. ಅವನು ಅಜ್ಜಿಯ ಜೊತೆ ಹೋಗಿದ್ದಾನೆ ಅಂತ ನಾವು. ನಮ್ಮ ಜೊತೆ ಇದ್ದಾನೆ ಅಂತ ಅಜ್ಜಿ. ಹಗ್ಗ ಬಿಚ್ಚಿದರು, ಒಂದು ಬದಿಯ ಬಟ್ಟೆ ಕೆಳಗೆ ಬಂತು. ಆಗ ಯಾರೋ ಕೂಗಿದರು, "ನಿಲ್ಲಿ ಮಾರಾಯ್ರೆ, ಒಳಗೆ ಮಗು ಉಂಟು!" ತಮ್ಮನಿಗೆ ಏನೂ ಆಗಲಿಲ್ಲ. ಆದರೆ ಮರುವರ್ಷ ಮೇಳ ಬಂದಾಗ ಹಗ್ಗದವರು ಮೊದಲು ಟಾರ್ಚ್ ಹಿಡಿದು ಒಳಗೆ ಒಂದು ಸುತ್ತು ಬರುವುದನ್ನು ನಾನು ನೋಡಿದೆ.

ನಾನು ಈಗ ಮಾಡುವುದು ಆಪರೇಟಿಂಗ್ ಸಿಸ್ಟಮ್ಮಿನ ಒಳಗಿನ ಕೆಲಸ. ಲಿನಕ್ಸ್ ಕರ್ನಲ್ ಮೇಲೆ. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಮಂಗಳೂರಿನಲ್ಲಿ ಕುಳಿತು ಈ ಕೆಲಸ ಮಾಡುತ್ತೇನೆ ಅಂದರೆ ಕೆಲವರಿಗೆ ಆಶ್ಚರ್ಯ. ಆದರೆ ನಿಮ್ಮ ಕೈಯಲ್ಲಿ ಆಂಡ್ರಾಯ್ಡ್ ಫೋನ್ ಇದ್ದರೆ, ಅದರೊಳಗೆ ಇರುವುದೂ ಇದೇ ಲಿನಕ್ಸ್ ಕರ್ನಲ್. ಇವತ್ತು ನಾನು ಹೇಳಲು ಹೊರಟದ್ದು ಅದರ ಒಂದೇ ಒಂದು ಕೆಲಸದ ಬಗ್ಗೆ. ಒಂದು ಪ್ರೋಗ್ರಾಂ ಮುಗಿದಾಗ ಅದು ಬಳಸುತ್ತಿದ್ದ ಮೆಮೊರಿಯನ್ನು ಕರ್ನಲ್ ವಾಪಸು ತೆಗೆದುಕೊಳ್ಳುತ್ತದೆ. ಕೇಳಲು ಸುಲಭ. ಆದರೆ ಅಲ್ಲಿ ಡೇರೆಯೊಳಗಿನ ಮಗುವಿನ ಪ್ರಶ್ನೆಯೇ ಎದುರಾಗುತ್ತದೆ. ಒಳಗೆ ಇನ್ನೂ ಯಾರಾದರೂ ಇದ್ದಾರಾ?

ಯಾರು ಇರಬಹುದು? ಪ್ರೋಗ್ರಾಂ ಮುಗಿದ ಮೇಲೆ ಅದರ ಮೆಮೊರಿ ಯಾರಿಗೆ ಬೇಕು ಅಂತ ಅನ್ನಿಸಬಹುದು. ಬೇಕಾದವರು ಜಾಸ್ತಿಯೇ ಇದ್ದಾರೆ. ಒಂದು ಪ್ರೋಗ್ರಾಮಿನಲ್ಲಿ ಹತ್ತಾರು ಥ್ರೆಡ್‌ಗಳು, ಅಂದರೆ ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳು, ಇರುತ್ತವೆ, ಎಲ್ಲವೂ ಒಂದೇ ಮೆಮೊರಿಯನ್ನು ಹಂಚಿಕೊಂಡಿರುತ್ತವೆ. ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ತಿನ್ನುತ್ತಿದೆ ಅಂತ ಲೆಕ್ಕ ತೋರಿಸುವ ಇನ್ನೊಂದು ಪ್ರೋಗ್ರಾಂ ಅದೇ ಹೊತ್ತಿಗೆ ಇಣುಕುತ್ತಿರಬಹುದು. ಮೆಮೊರಿ ಕಡಿಮೆಯಾದಾಗ ಹಳೆಯ ಪುಟಗಳನ್ನು ಹುಡುಕಿ ತೆಗೆಯುವ ಕರ್ನಲ್ಲಿನ ಕೆಲಸಗಾರರು ಬೇರೆ ಇದ್ದಾರೆ. ಪುಟ ಅಂದರೆ ಮೆಮೊರಿಯ ಒಂದು ತುಂಡು, ಸಾಮಾನ್ಯ ಕಂಪ್ಯೂಟರಿನಲ್ಲಿ 4096 ಬೈಟ್.

ಹಾಗಾಗಿ ಬೀಗ ಬೇಕು. ಪ್ರತಿ ಪ್ರೋಗ್ರಾಮಿನ ಮೆಮೊರಿಗೂ ಕರ್ನಲ್ ಒಂದು ದಾಖಲೆ ಇಡುತ್ತದೆ. ಅದರ ಹೆಸರು ಎಂಎಂ ಸ್ಟ್ರಕ್ಟ್. ಯಾವ ವಿಳಾಸದಿಂದ ಯಾವ ವಿಳಾಸದವರೆಗೆ ಏನುಂಟು ಅಂತ ಹುಡುಕುವ ದಾರಿ ಅದರಲ್ಲಿದೆ. ಅದರಲ್ಲೇ ಒಂದು ಬೀಗವೂ ಉಂಟು. ಸುಮ್ಮನೆ ಓದುವವರು ಎಷ್ಟು ಮಂದಿ ಬೇಕಾದರೂ ಒಟ್ಟಿಗೆ ಒಳಗೆ ಬರಬಹುದು. ಬದಲಾಯಿಸುವವರು ಬಂದರೆ ಒಬ್ಬರೇ, ಉಳಿದವರೆಲ್ಲ ಹೊರಗೆ.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇದೇ ಜಾಗದಲ್ಲಿ ನಾನೂ ಎಡವಿದ್ದೇನೆ. ಬೀಗ ಇದ್ದರೆ ಸಾಕು ಅಂತ ನಮಗೆ ಅನ್ನಿಸುತ್ತದೆ. ಆದರೆ ಆ ಬೀಗ ಇರುವುದು ಎಲ್ಲಿ? ಎಂಎಂ ಸ್ಟ್ರಕ್ಟ್ ಒಳಗೆ. ಆ ದಾಖಲೆಯೇ ಹೋದರೆ ಬೀಗವೂ ಹೋಯಿತು. ಇಲ್ಲದ ಬಾಗಿಲಿಗೆ ಬೀಗ ಹಾಕುವುದು ಹೇಗೆ?

ಅದಕ್ಕೆ ಕರ್ನಲ್ ಬೀಗದ ಜೊತೆಗೆ ಲೆಕ್ಕವನ್ನೂ ಇಡುತ್ತದೆ. ಒಂದಲ್ಲ, ಎರಡು ಲೆಕ್ಕ. ಒಂದರ ಹೆಸರು ಎಂಎಂ ಯೂಸರ್ಸ್. ಮೆಮೊರಿಯ ಒಳಗೆ ಕೆಲಸ ಇರುವವರು ಎಷ್ಟು ಮಂದಿ ಅನ್ನುವುದು ಅದು. ಇನ್ನೊಂದು ಎಂಎಂ ಕೌಂಟ್. ಒಳಗೆ ಕೆಲಸ ಇಲ್ಲ, ಆದರೆ ದಾಖಲೆ ಮಾತ್ರ ಇರಲಿ ಅನ್ನುವವರ ಲೆಕ್ಕ ಅದು. ಮೊದಲನೆಯದು ಸೊನ್ನೆಯಾದರೆ ಪುಟಗಳೆಲ್ಲ ವಾಪಸು. ಎರಡನೆಯದೂ ಸೊನ್ನೆಯಾದರೆ ದಾಖಲೆಯೂ ಹೋಗುತ್ತದೆ, ಅದರೊಳಗಿನ ಬೀಗವೂ. ಆಟ ಮುಗಿದು ಪ್ರೇಕ್ಷಕರೆಲ್ಲ ಹೋದರು, ಡೇರೆ ಬಿಚ್ಚಿದರು, ಆದರೆ ಗದ್ದೆಯ ಬಾಡಿಗೆಯ ಲೆಕ್ಕದ ಪುಸ್ತಕವನ್ನು ಇನ್ನೂ ಮುಚ್ಚಿಲ್ಲ. ಹಾಗೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ನಿಯಮ ಉಂಟು. ಮೊದಲ ಲೆಕ್ಕ ಒಮ್ಮೆ ಸೊನ್ನೆಯಾದರೆ ಮುಗಿಯಿತು, ಅದನ್ನು ಮತ್ತೆ ಒಂದು ಮಾಡುವಂತಿಲ್ಲ. ತಡವಾಗಿ ಬಂದವರು "ನನ್ನನ್ನೂ ಸೇರಿಸಿ" ಅಂದರೆ ಕರ್ನಲ್ ಮೊದಲು ನೋಡುತ್ತದೆ, ಸೊನ್ನೆಯಾಗಿದೆಯಾ? ಆಗಿದ್ದರೆ ಇಲ್ಲ ಅನ್ನುತ್ತದೆ. ನೋಡುವುದು ಮತ್ತು ಸೇರಿಸುವುದು ಎರಡೂ ಒಂದೇ ಏಟಿಗೆ ಆಗಬೇಕು. ಮಧ್ಯದಲ್ಲಿ ಕೂದಲೆಳೆಯಷ್ಟು ಸಮಯ ಸಿಕ್ಕಿದರೂ, ಒಬ್ಬರು ನೋಡಿ ಸೇರಿಸುವಷ್ಟರಲ್ಲಿ ಇನ್ನೊಬ್ಬರು ಬಿಚ್ಚಲು ಶುರು ಮಾಡಿರುತ್ತಾರೆ.

ಈಗ ನನ್ನ ತಪ್ಪಿನ ಕಥೆ. ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಉಪಕರಣಕ್ಕೆ ಡ್ರೈವರ್, ಅಂದರೆ ಆ ಉಪಕರಣವನ್ನು ನಡೆಸುವ ಕರ್ನಲ್ಲಿನ ಕೋಡ್, ಬರೆಯುತ್ತಿದ್ದೆ. ಪ್ರೋಗ್ರಾಂ ಬಂದು ಉಪಕರಣವನ್ನು ತೆರೆದಾಗ, ಅದರ ಎಂಎಂ ಸ್ಟ್ರಕ್ಟ್ ಎಲ್ಲಿದೆ ಅಂತ ನನ್ನ ಡ್ರೈವರ್ ಬರೆದಿಟ್ಟುಕೊಳ್ಳುತ್ತಿತ್ತು. ಆಮೇಲೆ ಹಿನ್ನೆಲೆಯಲ್ಲಿ ಓಡುವ ಕೆಲಸ ಆ ವಿಳಾಸ ಹಿಡಿದು ಹೋಗಿ ಡೇಟಾ ತರುತ್ತಿತ್ತು. ಲೆಕ್ಕಕ್ಕೆ ನನ್ನ ಹೆಸರು ಸೇರಿಸಿರಲಿಲ್ಲ. ದಿನಕ್ಕೆ ಎರಡು ಸಲ ಯಂತ್ರ ಸ್ತಬ್ಧವಾಗುತ್ತಿತ್ತು. ನಾನು ಏನು ಮಾಡಿದೆ ಗೊತ್ತಾ? ಬೀಗ ಹಾಕಿದೆ. ಒಳಗೆ ಹೋಗುವ ಮೊದಲು ಬೀಗ, ಬಂದ ಮೇಲೆ ತೆಗೆಯುವುದು. ದಿನಕ್ಕೆ ಎರಡು ಸಲ ಆಗುತ್ತಿದ್ದದ್ದು ಮೂರು ದಿನಕ್ಕೆ ಒಂದು ಸಲಕ್ಕೆ ಇಳಿಯಿತು. ಸರಿಯಾಯಿತು ಅಂತ ನಂಬಿದೆ.

ಸರಿಯಾಗಿರಲಿಲ್ಲ. ಸತ್ತ ದಾಖಲೆಯೊಳಗಿನ ಬೀಗವನ್ನು ನಾನು ತಿರುಗಿಸುತ್ತಿದ್ದೆ. ಆ ಜಾಗವನ್ನು ಕರ್ನಲ್ ಅಷ್ಟರಲ್ಲಿ ಬೇರೆಯವರಿಗೆ ಕೊಟ್ಟಿರುತ್ತಿತ್ತು. ನಾನು ಬೀಗ ಅಂದುಕೊಂಡು ಬೇರೆ ಯಾರದೋ ಅಂಕಿಯನ್ನು ಬದಲಾಯಿಸುತ್ತಿದ್ದೆ. ತೊಂದರೆ ಆಗುತ್ತಿದ್ದದ್ದು ನನ್ನ ಡ್ರೈವರಿನಲ್ಲಿ ಅಲ್ಲ, ಸಂಬಂಧವೇ ಇಲ್ಲದ ಇನ್ನೊಂದು ಮೂಲೆಯಲ್ಲಿ. ಅದಕ್ಕೇ ಹುಡುಕಲು ಅಷ್ಟು ಕಷ್ಟವಾದದ್ದು. ಕೊನೆಗೆ ಕೇಸಾನ್ ಅನ್ನುವ ಸಾಧನ ಹಾಕಿ ಕರ್ನಲ್ ಕಟ್ಟಿದೆ. 2015ರಲ್ಲಿ ಲಿನಕ್ಸ್ 4.0ಕ್ಕೆ ಸೇರಿದ ಸಾಧನ ಅದು. ವಾಪಸು ಕೊಟ್ಟ ಮೆಮೊರಿಯನ್ನು ಅದು ಕೂಡಲೇ ಮರುಬಳಕೆಗೆ ಬಿಡುವುದಿಲ್ಲ, ಸ್ವಲ್ಪ ಹೊತ್ತು ಪ್ರತ್ಯೇಕವಾಗಿ ಇಡುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಮುಟ್ಟಿದರೆ, ಬಿಟ್ಟುಕೊಟ್ಟದ್ದು ಯಾರು, ಮುಟ್ಟಿದ್ದು ಯಾರು ಎರಡನ್ನೂ ಬರೆದು ತೋರಿಸುತ್ತದೆ. ಹೊರಗೆ ಆಷಾಢದ ಮಳೆ ಹೊಡೆಯುತ್ತಿತ್ತು. ಇಪ್ಪತ್ತು ನಿಮಿಷದಲ್ಲಿ ನನ್ನ ಕೋಡಿನ ಸಾಲಿನ ಸಂಖ್ಯೆ ಪರದೆಯ ಮೇಲೆ ಬಂತು.

ಹಾಗಾದರೆ ಮೊದಲ ಲೆಕ್ಕಕ್ಕೆ, ಅಂದರೆ ಒಳಗೆ ಕೆಲಸ ಇರುವವರ ಲೆಕ್ಕಕ್ಕೆ, ನನ್ನನ್ನು ಸೇರಿಸಿ ಇಟ್ಟುಕೊಂಡರೆ ಆಯಿತಲ್ಲ ಅಂತ ನೀವು ಕೇಳಬಹುದು. ನಾನೂ ಹಾಗೇ ಯೋಚಿಸಿದೆ. ಅದರಲ್ಲಿ ಬೇರೆ ತೊಡಕು ಉಂಟು. ಪ್ರೋಗ್ರಾಂ ಆ ಉಪಕರಣವನ್ನು ತನ್ನ ಮೆಮೊರಿಗೆ ಜೋಡಿಸಿಕೊಂಡಿದೆ ಅಂತ ಇಟ್ಟುಕೊಳ್ಳಿ. ಮೆಮೊರಿ ಹೋಗದೆ ಉಪಕರಣದ ಫೈಲ್ ಮುಚ್ಚುವುದಿಲ್ಲ. ಫೈಲ್ ಮುಚ್ಚದೆ ನಾನು ಲೆಕ್ಕ ಬಿಡುವುದಿಲ್ಲ. ನಾನು ಬಿಡದೆ ಮೆಮೊರಿ ಹೋಗುವುದಿಲ್ಲ. ಪ್ರೋಗ್ರಾಂ ಸತ್ತರೂ ಅದರ ಮೆಮೊರಿ ಹಾಗೇ ಬಿದ್ದಿರುತ್ತದೆ, ಯಂತ್ರ ಆಫ್ ಮಾಡುವವರೆಗೆ. ಸರಿಯಾದ ದಾರಿ ಹೀಗೆ. ತೆರೆಯುವಾಗ ದಾಖಲೆಯ ಲೆಕ್ಕಕ್ಕೆ ಮಾತ್ರ ಸೇರುವುದು. ಕೆಲಸ ಇದ್ದಾಗ, ಸೊನ್ನೆಯಾಗಿಲ್ಲದಿದ್ದರೆ ಮಾತ್ರ, ಒಳಗಿನ ಲೆಕ್ಕಕ್ಕೆ ಸೇರುವುದು. ಆಮೇಲೆ ಬೀಗ. ಕೆಲಸ ಮುಗಿದ ಕೂಡಲೇ ಬಿಡುವುದು.

ಬಿಡುವಾಗಲೂ ಎಚ್ಚರ ಬೇಕು. ನಾನು ಬಿಟ್ಟದ್ದೇ ಕೊನೆಯ ಲೆಕ್ಕವಾದರೆ ಇಡೀ ಡೇರೆ ಬಿಚ್ಚುವ ಕೆಲಸ ನನ್ನ ತಲೆಗೇ ಬರುತ್ತದೆ. ಅದು ಉದ್ದದ ಕೆಲಸ, ನಡುವೆ ಕಾಯಬೇಕಾಗುತ್ತದೆ. ಕಾಯಬಾರದಂಥ ಬೀಗವನ್ನು ಕೈಯಲ್ಲಿ ಹಿಡಿದುಕೊಂಡು ಅದನ್ನು ಮಾಡುವಂತಿಲ್ಲ. ಅಂಥ ಜಾಗಗಳಿಗೆಂದೇ, ಬಿಚ್ಚುವ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೋಗುವ ಒಂದು ಬಗೆಯನ್ನೂ ಕರ್ನಲ್ಲಿನಲ್ಲಿ ಇಟ್ಟಿದ್ದಾರೆ.

ಇದು ನನ್ನೊಬ್ಬನ ತಪ್ಪಲ್ಲ. ಅನುಭವಿಗಳ ಕೋಡಿನಲ್ಲೂ ಇದೇ ಪ್ರಶ್ನೆ ಮತ್ತೆ ಮತ್ತೆ ಬಂದಿದೆ. ಪ್ರೋಗ್ರಾಂ ಮುಗಿದಾಗ ಮೆಮೊರಿ ಬಿಚ್ಚುವ ಫಂಕ್ಷನ್ನಿನ ಹೆಸರು ಎಕ್ಸಿಟ್ ಎಂಮ್ಯಾಪ್. ಎಷ್ಟೋ ವರ್ಷ ಅದು ಎಂಎಂ ಸ್ಟ್ರಕ್ಟ್ ಒಳಗಿನ ಆ ದೊಡ್ಡ ಬೀಗವನ್ನು ಹಾಕುತ್ತಲೇ ಇರಲಿಲ್ಲ. ಲೆಕ್ಕ ಸೊನ್ನೆಯಾಗಿದೆ, ಒಳಗೆ ಯಾರೂ ಇಲ್ಲ, ಬೀಗ ಯಾಕೆ? ಆ ಕಾಲಕ್ಕೆ ಅದು ಸರಿಯೇ ಆಗಿತ್ತು. 2016ರಲ್ಲಿ, 4.6ನೇ ಆವೃತ್ತಿಗೆ, ಮಿಖಾಲ್ ಹೋಕೋ ಅವರು ಊಮ್ ರೀಪರ್ ಅನ್ನುವ ಹೊಸ ಕೆಲಸಗಾರನನ್ನು ತಂದರು. ಮೆಮೊರಿ ಪೂರ್ತಿ ಮುಗಿದಾಗ ಕರ್ನಲ್ ಒಂದು ಪ್ರೋಗ್ರಾಮನ್ನು ಕೊಲ್ಲುತ್ತದೆ. ಆದರೆ ಅದು ಯಾವುದೋ ಬೀಗಕ್ಕೆ ಕಾಯುತ್ತಾ ಕುಳಿತರೆ ಮೆಮೊರಿ ಬಿಡುವುದಿಲ್ಲ. ರೀಪರ್ ಹೋಗಿ ಅದರ ಪುಟಗಳನ್ನು ಮೊದಲೇ ಕಿತ್ತು ತರುತ್ತದೆ. ಬಹಳ ಒಳ್ಳೆಯ ಯೋಚನೆ. ಮುಂದಿನ ವರ್ಷ ಒಂದು ಬದಲಾವಣೆ ಬಂತು, ರೀಪರ್ ಮತ್ತು ಎಕ್ಸಿಟ್ ಎಂಮ್ಯಾಪ್ ಒಂದೇ ಹೊತ್ತಿಗೆ ಓಡಬಹುದು ಅಂತ. ಅಲ್ಲಿಗೆ "ಒಳಗೆ ಯಾರೂ ಇಲ್ಲ" ಅನ್ನುವ ಮಾತು ಸುಳ್ಳಾಯಿತು. 2018ರಲ್ಲಿ ಅದರ ಪರಿಣಾಮ ಕಂಡಿತು. ಮೆಮೊರಿಯಿಂದ ಕದಲದಂತೆ ಕಟ್ಟಿಟ್ಟ ಪುಟಗಳ ಗಂಟನ್ನು ಒಬ್ಬರು ಬಿಚ್ಚುತ್ತಿರುವಾಗ ಇನ್ನೊಬ್ಬರು ಕೆಳಗಿನಿಂದ ಅದನ್ನೇ ಎಳೆದು, ಕರ್ನಲ್ ಬೀಳುತ್ತಿತ್ತು. ಆ ವರ್ಷವೇ ಅದನ್ನು ಸರಿಪಡಿಸಿದರು. ಈಗಿನ ಕರ್ನಲ್ಲಿನಲ್ಲಿ ಎಕ್ಸಿಟ್ ಎಂಮ್ಯಾಪ್ ಕೂಡ ಬೀಗ ಹಾಕಿಯೇ ಕೆಲಸ ಮಾಡುತ್ತದೆ. ಪುಟಗಳನ್ನು ತೆಗೆಯುವಾಗ ಓದುವವರ ಬೀಗ, ಕೊನೆಗೆ ಪುಟಗಳ ಪಟ್ಟಿಯನ್ನೇ ತೆಗೆಯುವಾಗ ಬದಲಾಯಿಸುವವರ ಬೀಗ.

ಹಳೆಯ ಕೋಡ್ ಬರೆದವರು ತಪ್ಪು ಮಾಡಿದರು ಅಂತ ನಾನು ಹೇಳುವುದಿಲ್ಲ. ಅವರು ಒಂದು ಮಾತನ್ನು ನಂಬಿದ್ದರು. ಹೊಸಬರು ಬಂದಾಗ ಆ ಮಾತು ಬದಲಾಯಿತು. 2023ರಲ್ಲಿ ಸ್ಟ್ಯಾಕ್ ರಾಟ್ ಅಂತ ಹೆಸರಾದ ದೋಷವೂ ಇದೇ ಜಾತಿಯದು. 6.1ರಿಂದ 6.4ರವರೆಗಿನ ಆವೃತ್ತಿಗಳಲ್ಲಿ ಅದು ಇತ್ತು. ಓದುವವರ ಬೀಗ ಮಾತ್ರ ಹಿಡಿದು ಒಂದು ಬದಲಾವಣೆ ಮಾಡುವ ಹಳೆಯ ಪದ್ಧತಿ ಒಂದು ಕಡೆ ಉಳಿದುಕೊಂಡಿತ್ತು. ಕೆಳಗಿನ ಡೇಟಾ ರಚನೆ ಬದಲಾದ ಮೇಲೆ ಅದು ಅಪಾಯವಾಯಿತು. ಅದನ್ನು ಸರಿಪಡಿಸುವ ಕೆಲಸಕ್ಕೆ ಲಿನಕ್ಸನ್ನು ಹುಟ್ಟುಹಾಕಿದ ಲೈನಸ್ ಟೋರ್ವಾಲ್ಡ್ಸ್ ಅವರೇ ಕುಳಿತರು.

ಇನ್ನೊಂದು ಮಾತು, ಚುಟುಕಾಗಿ. ಬೀಗವೂ ಲೆಕ್ಕವೂ ಸರಿ ಇದ್ದರೂ ಪ್ರೊಸೆಸರಿನ ಜೇಬಿನಲ್ಲಿ ಒಂದು ಚೀಟಿ ಉಳಿದಿರುತ್ತದೆ. ಯಾವ ವಿಳಾಸಕ್ಕೆ ಯಾವ ಪುಟ ಅಂತ ಬರೆದುಕೊಂಡ ಚೀಟಿ, ಅದಕ್ಕೆ ಟಿಎಲ್‌ಬಿ ಅನ್ನುತ್ತಾರೆ. ಕರ್ನಲ್ ಪಟ್ಟಿಯಿಂದ ಪುಟ ತೆಗೆದರೂ ಚೀಟಿ ತಾನಾಗಿ ಅಳಿಯುವುದಿಲ್ಲ. ಮೊದಲು ಪಟ್ಟಿಯಿಂದ ತೆಗೆಯಬೇಕು. ಆಮೇಲೆ ಎಲ್ಲ ಪ್ರೊಸೆಸರುಗಳ ಚೀಟಿ ಅಳಿಸಬೇಕು. ಆಮೇಲಷ್ಟೇ ಪುಟವನ್ನು ಬೇರೆಯವರಿಗೆ ಕೊಡಬೇಕು. ಈ ಸಾಲು ತಪ್ಪಿದರೆ ಒಬ್ಬರ ಗುಟ್ಟು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ.

ಸುರತ್ಕಲ್ಲಿನಲ್ಲಿ, ಮಣಿಪಾಲದಲ್ಲಿ, ನಮ್ಮ ಬೇರೆ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುತ್ತಿರುವ ಮಕ್ಕಳು ಯಾರಾದರೂ ಇದನ್ನು ಕೇಳುತ್ತಿದ್ದರೆ, ಲಿನಕ್ಸ್ ಕೋಡ್ ಎಲ್ಲರಿಗೂ ತೆರೆದಿದೆ. ದುಡ್ಡು ಕೊಡಬೇಕಾಗಿಲ್ಲ. ಎಂಎಂ ಅನ್ನುವ ಫೋಲ್ಡರಿಗೆ ಹೋಗಿ ಎಕ್ಸಿಟ್ ಎಂಮ್ಯಾಪ್ ಹುಡುಕಿ. ಉದ್ದದ ಫಂಕ್ಷನ್ ಅಲ್ಲ, ಒಂದು ಸಂಜೆಗೆ ಓದಬಹುದು. ಕೋಡಿನ ಮೇಲಿನ ಟಿಪ್ಪಣಿಗಳನ್ನು ಬಿಡಬೇಡಿ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ, ಈ ಹೊತ್ತಿನಲ್ಲಿ ಇಲ್ಲಿಗೆ ಬೇರೆ ಯಾರು ಬರಬಹುದು? ಉತ್ತರ ಸಿಗದ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿ, ನಾಳೆ ನಿಮ್ಮ ಮೇಷ್ಟ್ರ ಹತ್ತಿರ ತೆಗೆದುಕೊಂಡು ಹೋಗಿ.

ನಮಸ್ಕಾರ.