ಮುದ್ದೆ ದಾಸವಾಳದ ಕೇಸರ ಎಲ್ಲಿ ಹೋಯಿತು?

ಎಲ್ಲರಿಗೂ ನಮಸ್ಕಾರ. ಪ್ರೊಜೆಕ್ಟರ್ ಬೇಡ ಎಂದು ನಾನೇ ಹೇಳಿದ್ದೆ. ತೀರ್ಥಹಳ್ಳಿಯವರಿಗೆ ಹೂವಿನ ಚಿತ್ರ ತೋರಿಸೋದು ಯಾಕೆ, ಅಲ್ವಾ? ಎರಡು ದಾಸವಾಳ ತಂದಿದ್ದೇನೆ. ಒಂದು ಐದೆಸಳಿನದು, ಒಂದು ಎಸಳು ಕಿಕ್ಕಿರಿದ ಮುದ್ದೆ. ನೋಡಿ ಪಕ್ಕದವರಿಗೆ ಕೊಡಿ.

ಐದೆಸಳಿನದನ್ನು ಹೊರಗಿನಿಂದ ಒಳಕ್ಕೆ ನೋಡಿ. ಮೊದಲು ಹಸಿರು ಪುಷ್ಪಪತ್ರ, ಆಮೇಲೆ ಎಸಳು, ಆಮೇಲೆ ನಡುವಿನ ಕೋಲಿನ ಸುತ್ತ ಹಳದಿ ಪುಡಿ ಹೊತ್ತ ಕೇಸರ, ಆ ಕೋಲಿನೊಳಗಿಂದಲೇ ಹಾದು ತುದಿಯಲ್ಲಿ ಐದು ಗುಂಡುಗಳಾಗಿ ಇಣುಕುವ ಹೆಣ್ಣು ಭಾಗ, ಅಂದರೆ ಶಲಾಕೆ. ಬಹುಪಾಲು ಹೂಗಳಲ್ಲಿ ಇದೇ ಸಾಲು.

ಈಗ ಮುದ್ದೆಯದನ್ನು ಬಿಡಿಸಿ. ಒಳಗಿನ ಎಸಳುಗಳ ಅಂಚು ನೋಡಿ. ಕೆಲವಕ್ಕೆ ಪರಾಗದ ಚೀಲ ಅಂಟಿಕೊಂಡಿರುತ್ತದೆ. ಅರ್ಧ ಎಸಳು, ಅರ್ಧ ಕೇಸರ! ಕೇಸರ ಆಗಬೇಕಿದ್ದದ್ದು ದಾರಿ ತಪ್ಪಿ ಎಸಳಾಗಿದೆ, ಅಷ್ಟೇ.

ಯಾವ ಸುತ್ತಿನಲ್ಲಿ ಏನು ಬೆಳೆಯಬೇಕು ಎಂದು ಹೇಳುವವರು ಯಾರು? 1991ರಲ್ಲಿ ಎನ್ರಿಕೊ ಕೋಯೆನ್ ಮತ್ತು ಎಲಿಯಟ್ ಮೆಯರೋವಿಟ್ಸ್ ಎಂಬ ವಿಜ್ಞಾನಿಗಳು ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ಒಬ್ಬರದು ಸ್ನ್ಯಾಪ್‌ಡ್ರ್ಯಾಗನ್ ಹೂವಿನ ಕೆಲಸ, ಇನ್ನೊಬ್ಬರದು ಅರಾಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಪುಟ್ಟ ಕಳೆ. ಹೇಳುವುದು ಜೀನ್‌ಗಳು, ಅಂದರೆ ವಂಶವಾಹಿಗಳು. ಅವುಗಳದ್ದು ಮೂರು ಗುಂಪು: ಎ, ಬಿ, ಸಿ. ಎ ಒಂದೇ ಇದ್ದರೆ ಪುಷ್ಪಪತ್ರ. ಎ ಜೊತೆ ಬಿ ಸೇರಿದರೆ ಎಸಳು. ಬಿ ಜೊತೆ ಸಿ ಸೇರಿದರೆ ಕೇಸರ. ಸಿ ಒಂದೇ ಆದರೆ ಶಲಾಕೆ. 2000ದಲ್ಲಿ ಇ ಎಂಬ ಇನ್ನೊಂದು ಗುಂಪೂ ಸೇರಿತು. ಅದಿಲ್ಲದೆ ಉಳಿದವುಗಳ ಆಟ ನಡೆಯೋದಿಲ್ಲ.

ಮಜಾ ಇರೋದು ಎ ಮತ್ತು ಸಿ ನಡುವೆ. ಎರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಸಿ ಸೋತ ಜಾಗಕ್ಕೆಲ್ಲ ಎ ನುಗ್ಗುತ್ತದೆ. ಆಗ ಕೇಸರದ ಸುತ್ತಿನಲ್ಲಿ ಬಿ ಜೊತೆ ಎ ಇರುತ್ತದೆ, ಎಸಳು ಹುಟ್ಟುತ್ತದೆ. ಇನ್ನೂ ಒಂದಿದೆ: 'ಇನ್ನು ಸಾಕು' ಎಂದು ಹೂವಿನ ಬೆಳವಣಿಗೆ ನಿಲ್ಲಿಸುವುದೂ ಸಿ ಗುಂಪಿನ ಜೀನೇ. ಅರಾಬಿಡಾಪ್ಸಿಸ್‌ನಲ್ಲಿ ಅದರ ಹೆಸರು ಅಗಾಮಸ್. ಅದು ಪೂರ್ತಿ ಕೆಟ್ಟರೆ ಶಲಾಕೆಯ ಜಾಗದಲ್ಲಿ ಇನ್ನೊಂದು ಹೂ ಶುರುವಾಗುತ್ತದೆ, ಅದರೊಳಗೆ ಮತ್ತೊಂದು. ಮುದ್ದೆ ಹೂ ಹುಟ್ಟುವ ಸಾಮಾನ್ಯ ದಾರಿ ಇದು.

ಗುಲಾಬಿಯಲ್ಲಿ ಈ ಜೀನ್ ಕೆಟ್ಟಿರಲೇಬೇಕೆಂದಿಲ್ಲ. ಅದು ಕೆಲಸ ಮಾಡುವ ಜಾಗ ನಡುವಿಗೆ ಕುಗ್ಗಿದರೂ ಸಾಕು, ಐದೆಸಳಿನ ಕಾಡುಗುಲಾಬಿ ಹೋಗಿ ಹತ್ತಾರು ಎಸಳಿನ ತೋಟದ ಗುಲಾಬಿ ಬರುತ್ತದೆ. ಚಳಿಯಲ್ಲಿ ಈ ಜೀನಿನ ಕೆಲಸ ತಗ್ಗಿ ಎಸಳು ಹೆಚ್ಚುವುದೂ ಗೊತ್ತಾಗಿದೆ. ಪುಷ್ಯ ಮಾಸದಲ್ಲಿ ನಿಮ್ಮ ಗುಲಾಬಿಯ ಎಸಳು ಎಣಿಸಿ, ಬೇಸಿಗೆಯಲ್ಲಿ ಇನ್ನೊಮ್ಮೆ ಎಣಿಸಿ.

ಈಗ ನೀವು ಕೇಳೇ ಕೇಳುತ್ತೀರಿ, ಡೇರೆ ಹೂ, ಅಂದರೆ ಡೇಲಿಯಾ? ಮಲೆನಾಡಿನಲ್ಲಿ ಡೇರೆ ಬಿಟ್ಟು ಹೂವಿನ ಮಾತು ಮುಗಿಯುತ್ತದೆಯೇ! ಆದರೆ ಅದರ ಕತೆಯೇ ಬೇರೆ. ಡೇರೆ ಒಂದು ಹೂವಲ್ಲ, ಹೂಗಳ ಗುಂಪು. ನಾವು ಎಸಳು ಅನ್ನುವ ಒಂದೊಂದೂ ಒಂದು ಹೂ. ಒಂಟಿ ಡೇರೆಯಲ್ಲಿ ನಡುವೆ ಹಳದಿ ಕೊಳವೆ ಹೂಗಳು, ಅಂಚಿಗೆ ಮಾತ್ರ ಪಟ್ಟಿಯಂಥವು. ಮುದ್ದೆ ಡೇರೆಯಲ್ಲಿ ಕೊಳವೆಗಳ ಜಾಗವನ್ನೂ ಪಟ್ಟಿಗಳೇ ಹಿಡಿದಿರುತ್ತವೆ. ಇದೇ ಬಳಗದ ಸೂರ್ಯಕಾಂತಿಯಲ್ಲಿ ಈ ಬದಲಾವಣೆ ಮಾಡುವುದು ಸೈಕ್ಲಾಯ್ಡಿಯಾ ಗುಂಪಿನ ಜೀನ್. ಎ, ಬಿ, ಸಿ ಲೆಕ್ಕ ಹಿಡಿದು ಡೇರೆಯನ್ನು ವಿವರಿಸಲು ಹೋಗಬೇಡಿ, ಸುಮ್ನೆ ಗೊಂದಲ.

ಕೊನೆಗೆ ತುಡುವೆ ಜೇನು ಸಾಕುವವರಿಗೆ ಒಂದು ಮಾತು. ಕೇಸರ ಎಸಳಾದಷ್ಟೂ ಪರಾಗ ಕಡಿಮೆ. ಮುದ್ದೆ ಹೂ ಚೆಂದ, ನಾನೂ ಬೆಳೆಸುತ್ತೇನೆ. ಆದರೆ ಪೆಟ್ಟಿಗೆಯ ಹತ್ತಿರ ಹೂಗಿಡ ನೆಡುವುದಾದರೆ ಒಂಟಿ ಸುತ್ತಿನವನ್ನೇ ಜಾಸ್ತಿ ನೆಡಿ. ಸರಿ, ಇನ್ನು ಪ್ರಶ್ನೆ ಕೇಳಿ.